ಕೈಗಡಿಯಾರದ ಹುಚ್ಚು: ಹಾಸನದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೀ ಕೊಡುವ ವಾಚು ಕಟ್ಟಿಕೊಂಡು ಓಡಾಡಿದರೆ ಜನ ಮಾತಾಡಿಸುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಸಿಕ್ಕವರು, ಆಫೀಸಿನ ಹುಡುಗರು, ಎಲ್ಲರದೂ ಒಂದೊಂದು ಪ್ರಶ್ನೆ. ಹೆಚ್ಚಿನವರ ಮನೆಯಲ್ಲೂ ಬೀರುವಿನೊಳಗೆ ಒಂದು ವಾಚು ನಿಂತು ಕೂತಿರುತ್ತದೆ. ಅದನ್ನು ಓಡಿಸಬಹುದು, ಕೈಗೆ ಕಟ್ಟಬಹುದು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರಿಗಾಗಿ ಇದನ್ನು ಬರೆದಿದ್ದೇನೆ.

ತಾತನ ವಾಚು ಸಿಕ್ಕಿದೆ. ಓಡುತ್ತಿಲ್ಲ. ಮೊದಲು ಏನು ಮಾಡಲಿ?

ಮೊದಲು ಸುಮ್ನೆ ಇರಿ. ಜೋರಾಗಿ ಅಲ್ಲಾಡಿಸಬೇಡಿ, ಮೇಜಿಗೆ ಕುಟ್ಟಬೇಡಿ, ಚಾಕುವಿನ ತುದಿ ಹಾಕಿ ಹಿಂದಿನ ಮುಚ್ಚಳ ಎಬ್ಬಿಸಬೇಡಿ. ಕೀಯನ್ನು, ಅಂದರೆ ವಾಚಿನ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು, ಮೆಲ್ಲಗೆ ನಾಲ್ಕೈದು ಸುತ್ತು ತಿರುಗಿಸಿ ನೋಡಿ. ಟಿಕ್ ಟಿಕ್ ಶುರುವಾದರೆ ಸಂತೋಷ, ಆದರೆ ಅವತ್ತಿನಿಂದಲೇ ದಿನಾ ಕಟ್ಟಿಕೊಂಡು ಓಡಾಡಬೇಡಿ.

ಕಾರಣ ಇಷ್ಟೇ. ವಾಚಿನ ಒಳಗಿನ ಎಣ್ಣೆ ವರ್ಷಗಟ್ಟಲೆ ಕೂತರೆ ಒಣಗುತ್ತದೆ, ಇಲ್ಲಾ ಅಂಟು ಅಂಟಾಗುತ್ತದೆ. ಎಣ್ಣೆ ಇಲ್ಲದೆ ಓಡಿದರೆ ಚಕ್ರಗಳ ಎರಡೂ ತುದಿಯಲ್ಲಿರುವ ಕೂದಲೆಳೆಯಂಥ ಅಚ್ಚುಗಳು ಸವೆಯುತ್ತವೆ. ಒಮ್ಮೆ ಸವೆದರೆ ಸರ್ವಿಸ್ ಮಾಡಿದರೂ ಮೊದಲಿನ ಹಾಗೆ ಆಗೋದಿಲ್ಲ, ಚಕ್ರವನ್ನೇ ಬದಲಿಸಬೇಕು. ಅದಕ್ಕೇ ಹಳೆಯ ವಾಚು "ಚೆನ್ನಾಗೇ ಓಡ್ತಿದೆ" ಅಂದರೂ ಒಮ್ಮೆ ಸರ್ವಿಸ್ ಮಾಡಿಸಿ ಆಮೇಲೆ ಕಟ್ಟಿ.

ಕೊಡೋಕೆ ಮುಂಚೆ ಡಯಲಿನ ಫೋಟೋ, ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ರಿಪೇರಿಯವರು ಮುಚ್ಚಳ ತೆಗೆದಾಗ ಒಳಮೈ ಒಮ್ಮೆ ತೋರಿಸಿ ಅಂತ ಕೇಳಿ. ಬೆಳಕಿಗೆ ಓರೆಯಾಗಿ ಹಿಡಿದರೆ ಸೂಜಿಯಿಂದ ಗೀಚಿದ ಸಣ್ಣ ಸಣ್ಣ ಅಂಕಿಗಳು ಎಷ್ಟೋ ವಾಚುಗಳಲ್ಲಿ ಕಾಣುತ್ತವೆ. ಹಿಂದೆ ರಿಪೇರಿ ಮಾಡಿದವರು ತಮ್ಮ ಗುರುತಿಗೆ ಹಾಕಿಕೊಂಡ ನಂಬರು ಅಥವಾ ತಾರೀಖು ಅದು. ಒಂದರ ಕೆಳಗೊಂದು ಮೂರು ಗುರುತು ಇದ್ದರೆ ಆ ವಾಚನ್ನು ಯಾರೋ ಕಾಳಜಿಯಿಂದ ನೋಡಿಕೊಂಡಿದ್ದಾರೆ ಅಂತ ಅರ್ಥ. ಆ ಮುಚ್ಚಳ ಬದಲಿಸೋಕೆ ಒಪ್ಪಬೇಡಿ.

ನಮ್ಮ ಕಡೆ ಎಲ್ಲರ ಮನೆಯಲ್ಲೂ ಎಚ್‌ಎಂಟಿನೇ ಯಾಕೆ ಇರುತ್ತದೆ?

ಬೆಂಗಳೂರಲ್ಲಿ ತಯಾರಾಗುತ್ತಿತ್ತಲ್ಲ, ಅದಕ್ಕೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೇಂದ್ರ ಸರ್ಕಾರದ ಕಂಪನಿಯಾದ ಎಚ್‌ಎಂಟಿ ಕೈಗಡಿಯಾರ ಮಾಡೋಕೆ ಶುರುಮಾಡಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರು. ಆಮೇಲೆ 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯವರಿಗೆ, ಅರಸೀಕೆರೆ, ತಿಪಟೂರು ಕಡೆಯವರಿಗೆ ಅಲ್ಲಿ ಕೆಲಸ ಮಾಡುವ ನೆಂಟರೋ ಪರಿಚಯದವರೋ ಇರುತ್ತಿದ್ದರು. ಮದುವೆಯಲ್ಲಿ ಗಂಡಿಗೆ ವಾಚು, ಉಂಗುರ, ಸೂಟು ಅನ್ನೋದು ಪದ್ಧತಿಯೇ ಆಗಿತ್ತು. ಎಸ್‌ಎಸ್‌ಎಲ್‌ಸಿ ಪಾಸಾದರೆ ವಾಚು, ಕೆಲಸ ಸಿಕ್ಕರೆ ವಾಚು. ಆ ವಾಚು ಹೆಚ್ಚಾಗಿ ಎಚ್‌ಎಂಟಿಯೇ.

ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಇವೆಲ್ಲ ಕೀ ಕೊಡುವವು. ಕಾಂಚನ್ ಮಾತ್ರ ಆಟೋಮ್ಯಾಟಿಕ್, ಅಂದರೆ ಕೈ ಅಲ್ಲಾಡಿದ ಹಾಗೆ ಸ್ಪ್ರಿಂಗ್ ತಾನೇ ಸುತ್ತಿಕೊಳ್ಳುವಂಥದ್ದು, ತಾರೀಖು ವಾರ ಎರಡೂ ತೋರಿಸುತ್ತದೆ, ಆ ಕಾಲಕ್ಕೆ ಅದು ದೊಡ್ಡಸ್ತಿಕೆಯ ವಾಚು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚಂದದ್ದು ಜನತಾ. ಡಯಲಿನಲ್ಲಿ ಒಂದು ಗೆರೆಯೂ ಜಾಸ್ತಿ ಇಲ್ಲ. ದೇವನಾಗರಿ ಅಂಕಿ ಇರುವ ಜನತಾ ಕೂಡ ಬಂದಿತ್ತು.

1987ರಲ್ಲಿ ಟೈಟಾನ್ ತೆಳ್ಳಗಿನ, ಸೆಲ್ಲಿನ ವಾಚುಗಳನ್ನು ತಂದಿತು. ಅದರ ಕಾರ್ಖಾನೆ ಹೊಸೂರಿನಲ್ಲಿ. ಜನಕ್ಕೆ ಕೀ ಕೊಡುವ ಗೋಜು ತಪ್ಪಿತು, ನೋಡೋಕೂ ಹೊಸದು, ಎಲ್ಲರೂ ಆ ಕಡೆ ಹೋದರು. ಎಚ್‌ಎಂಟಿಯ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ಎಚ್‌ಎಂಟಿ ಹೆಸರಿನ ಹೊಸ ವಾಚುಗಳು ಬೆಂಗಳೂರಿನಲ್ಲಿ ಇವತ್ತಿಗೂ ಸಿಗುತ್ತವೆ, ಆದರೆ ಹಲವದರ ಒಳಗಿನ ಮಷೀನು ಹಳೆಯದಲ್ಲ. ತಗೊಳ್ಳುವ ಮುಂಚೆ ಅದನ್ನು ಕೇಳಿ ತಿಳ್ಕೊಳ್ಳಿ.

17 ಜ್ಯುವೆಲ್ ಅಂತ ಬರೆದಿದೆ. ಒಳಗೆ ವಜ್ರ ಇದೆಯಾ?

ಇಲ್ಲ. ಒಳಗಿರೋದು ಕೆಂಪು ಮಾಣಿಕ್ಯ, ಅದೂ ಕೃತಕವಾಗಿ ಮಾಡಿದ್ದು. ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ ಅನ್ನುವವರು 1902ರಲ್ಲಿ ಕೃತಕ ಮಾಣಿಕ್ಯ ಮಾಡುವ ವಿಧಾನ ಪ್ರಕಟಿಸಿದ ಮೇಲೆ ಅದು ಅಗ್ಗವಾಯಿತು. ಚಕ್ರದ ಅಚ್ಚು ತಿರುಗುವ ಕಡೆ ಈ ಕಲ್ಲು ಕೂರಿಸುತ್ತಾರೆ. ಕಲ್ಲು ಗಟ್ಟಿ, ನುಣುಪು, ಹಾಗಾಗಿ ಸವೆತ ಕಡಿಮೆ. ಕೀ ಕೊಡುವ ಮಾಮೂಲಿ ವಾಚಿಗೆ 17 ಸಾಕು. ಜಾಸ್ತಿ ಜ್ಯುವೆಲ್ ಇದ್ದರೆ ಜಾಸ್ತಿ ಒಳ್ಳೆಯ ವಾಚು ಅನ್ನೋದು ಸುಳ್ಳು. ಆಟೋಮ್ಯಾಟಿಕ್‌ನಲ್ಲಿ ಭಾಗಗಳು ಜಾಸ್ತಿ, ಅದಕ್ಕೆ ಕಲ್ಲೂ ಜಾಸ್ತಿ.

ಈ ಕಲ್ಲು ಕಿತ್ತು ಮಾರಿದರೆ ದುಡ್ಡು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ವಾಚು ಕೊಡಬೇಡಿ.

ದಿನಾ ಎಷ್ಟು ಕೀ ಕೊಡಬೇಕು? ಜಾಸ್ತಿ ಕೊಟ್ಟರೆ ಸ್ಪ್ರಿಂಗ್ ಕಟ್ ಆಗುತ್ತಾ?

ದಿನಕ್ಕೆ ಒಮ್ಮೆ, ಒಂದೇ ಹೊತ್ತಿಗೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಅಂತ ಇಟ್ಟುಕೊಂಡರೆ ಮರೆಯೋದಿಲ್ಲ. ಕೈಯಿಂದ ಬಿಚ್ಚಿ ಹಿಡಿದುಕೊಂಡು ಕೊಡಿ, ಕಟ್ಟಿಕೊಂಡೇ ಕೊಟ್ಟರೆ ಕೀಯ ದಂಡದ ಮೇಲೆ ಓರೆಯಾಗಿ ಭಾರ ಬೀಳುತ್ತದೆ. ಸುತ್ತುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಬಿಡಿ. ಆ ಮೇಲೂ ಒತ್ತಿ ತಿರುಗಿಸಿದರೆ ಮಾತ್ರ ತೊಂದರೆ. ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನದ ಹತ್ತಿರ ಓಡುತ್ತದೆ. ಆದರೆ ಸ್ಪ್ರಿಂಗ್ ಸಡಿಲವಾದ ಹಾಗೆ ಟೈಮು ಸ್ವಲ್ಪ ಏರುಪೇರಾಗುತ್ತದೆ, ಅದಕ್ಕೇ ದಿನಾ ಕೊಡೋದು ಒಳ್ಳೆಯದು.

ಆಟೋಮ್ಯಾಟಿಕ್ ವಾಚಿನಲ್ಲಿ ಅರ್ಧ ಚಂದ್ರನಾಕಾರದ ಒಂದು ತೂಕ ಇರುತ್ತದೆ. ಕೈ ಅಲ್ಲಾಡಿದಾಗ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಅಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ತಾನೇ ಜಾರುವ ಏರ್ಪಾಡಿದೆ. ಹಾಗಾಗಿ ಜಾಸ್ತಿ ಆಗುವ ಭಯವೇ ಇಲ್ಲ.

ನನ್ನ ವಾಚು ದಿನಕ್ಕೆ 20 ಸೆಕೆಂಡು ಮುಂದೆ ಹೋಗುತ್ತದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 20 ಅಂದರೆ ಏನೂ ಅಲ್ಲ. ಹಳೆಯ ಎಚ್‌ಎಂಟಿಯ ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ಆಡುತ್ತಾ ಟೈಮು ಅಳೆಯುವ ಚಕ್ರ, ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5. ದಿನಕ್ಕೆ 4,32,000 ಬಡಿತ. ಸೆಲ್ಲಿಲ್ಲ, ಕರೆಂಟಿಲ್ಲ, ನೀವು ಬೆರಳಲ್ಲಿ ಕೊಟ್ಟ ಶಕ್ತಿ ಮಾತ್ರ. ನಲವತ್ತು ಐವತ್ತು ವರ್ಷ ಹಳೆಯ ಮಷೀನು ಈ ಲೆಕ್ಕ ಇಷ್ಟು ಸರಿಯಾಗಿ ಇಡುತ್ತದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ದಿನಕ್ಕೆ ಅರ್ಧ ನಿಮಿಷದ ಒಳಗಿದ್ದರೆ ಬಿಟ್ಟುಬಿಡಿ. ರಾತ್ರಿ ಹೇಗೆ ಇಡುತ್ತೀರಿ ಅನ್ನೋದರಿಂದಲೂ ವ್ಯತ್ಯಾಸ ಬರುತ್ತದೆ. ಡಯಲ್ ಮೇಲಾಗಿ ಒಂದು ವಾರ, ಕೀ ಮೇಲಾಗಿ ನಿಲ್ಲಿಸಿ ಒಂದು ವಾರ ಇಟ್ಟು ಬರೆದಿಟ್ಟು ನೋಡಿ. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಹೋಗುವುದುಂಟು. ಹಾಗಿದ್ದರೆ ಹಗಲು ಜಾಸ್ತಿಯಾದದ್ದನ್ನು ರಾತ್ರಿ ಇಡುವ ರೀತಿಯಲ್ಲೇ ಸರಿದೂಗಿಸಬಹುದು.

ಇದ್ದಕ್ಕಿದ್ದ ಹಾಗೆ ದಿನಕ್ಕೆ ಐದು ಹತ್ತು ನಿಮಿಷ ಮುಂದೆ ಓಡೋಕೆ ಶುರುವಾಯಿತು. ಏನಾಯಿತು?

ಹೆಚ್ಚಾಗಿ ಮ್ಯಾಗ್ನೆಟ್ ಹಿಡಿದಿದೆ. ಬ್ಯಾಲೆನ್ಸ್ ಚಕ್ರದ ಮೇಲೆ ಸುರುಳಿಯಾಗಿ ಕೂತಿರುವ ಹೇರ್ ಸ್ಪ್ರಿಂಗ್‌ಗೆ ಅಯಸ್ಕಾಂತದ ಗುಣ ಬಂದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗಾಗಿ ಚಕ್ರ ಬೇಗ ಬೇಗ ಆಡುತ್ತದೆ. ಸ್ಪೀಕರ್, ಲ್ಯಾಪ್‌ಟಾಪ್, ಮ್ಯಾಗ್ನೆಟ್ ಇರುವ ಫೋನ್ ಕವರು, ಇವುಗಳ ಪಕ್ಕ ವಾಚು ಇಡಬೇಡಿ. ಒಂದು ಸಣ್ಣ ದಿಕ್ಸೂಚಿ ಹತ್ತಿರ ಹಿಡಿದು ನೋಡಿ, ಅದರ ಮುಳ್ಳು ಅತ್ತಿತ್ತ ಎಳೆದಾಡಿದರೆ ಅನುಮಾನವೇ ಇಲ್ಲ. ಮ್ಯಾಗ್ನೆಟ್ ತೆಗೆಯುವ ಸಣ್ಣ ಯಂತ್ರ ರಿಪೇರಿಯವರ ಹತ್ತಿರ ಇರುತ್ತದೆ. ಕೆಲವೇ ಸೆಕೆಂಡಿನ ಕೆಲಸ, ವಾಚು ಬಿಚ್ಚುವುದೂ ಬೇಡ. ಇದಕ್ಕೆ ಪೂರ್ತಿ ಸರ್ವಿಸ್ ಅಂತ ದುಡ್ಡು ಕೇಳಿದರೆ ಮೊದಲು ಮ್ಯಾಗ್ನೆಟ್ ತೆಗೆದು ನೋಡೋಣ ಅನ್ನಿ.

ಮಳೆಗಾಲದಲ್ಲಿ ಗ್ಲಾಸಿನ ಒಳಗೆ ಮಂಜು ಕಟ್ಟುತ್ತದೆ. ಏನು ಮಾಡೋದು?

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಜಿಲ್ಲೆಯಲ್ಲಿ ವಾಚಿಗೆ ಎರಡು ಶತ್ರು. ಪಶ್ಚಿಮದ ಮಲೆನಾಡಿನಲ್ಲಿ ತೇವ, ಪೂರ್ವದ ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನಲ್ಲಿ ಧೂಳು. ಧೂಳು ನಿಧಾನಕ್ಕೆ ಹಾಳು ಮಾಡುತ್ತದೆ. ತೇವಕ್ಕೆ ಅಷ್ಟೆಲ್ಲ ಪುರುಸೊತ್ತು ಬೇಡ.

ಗ್ಲಾಸಿನ ಒಳಗೆ ಮಂಜು ಕಂಡ ದಿನವೇ ರಿಪೇರಿಯವರ ಹತ್ತಿರ ಹೋಗಿ. ನಾಳೆ ನೋಡೋಣ, ಸಂತೆ ದಿನ ಪೇಟೆಗೆ ಹೋದಾಗ ಕೊಡೋಣ ಅಂದರೆ ಅಷ್ಟರಲ್ಲಿ ಕೀಯ ದಂಡಕ್ಕೆ, ಸಣ್ಣ ಸ್ಕ್ರೂಗಳಿಗೆ ತುಕ್ಕು ಹತ್ತಿರುತ್ತದೆ. ಮುಚ್ಚಳ ತೆಗೆದು ಒಣಗಿಸಿದರೆ ಉಳಿಯುತ್ತದೆ. ಒಲೆಯ ಮೇಲೆ, ಇಸ್ತ್ರಿ ಪೆಟ್ಟಿಗೆಯ ಹತ್ತಿರ, ಹೇರ್ ಡ್ರೈಯರ್ ಮುಂದೆ ಇಡಬೇಡಿ. ಬಿಸಿಗೆ ಎಣ್ಣೆ ಹರಿದು ಬೇಡದ ಜಾಗಕ್ಕೆ ಹೋಗುತ್ತದೆ, ಡಯಲಿನ ಬಣ್ಣ ಏಳುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡೋದರಿಂದಲೂ ಉಪಯೋಗ ಇಲ್ಲ. ಮುಚ್ಚಿದ ವಾಚಿನೊಳಗಿನ ನೀರನ್ನು ಅಕ್ಕಿ ಹೊರಗಿಂದ ಎಳೆದುಕೊಳ್ಳೋದು ಹೇಗೆ?

ನೀರು ಎಲ್ಲಿಂದ ಬಂತು ಅಂತಲೂ ನೋಡಿಸಿ. ಮುಚ್ಚಳದ ಸುತ್ತ, ಕೀಯ ಒಳಗೆ ರಬ್ಬರ್ ವಾಷರ್ ಇರುತ್ತದೆ. ಅದು ಗಟ್ಟಿಯಾಗಿ ಒಡೆದಿದ್ದರೆ ಹೊಸದು ಹಾಕಿಸಿ. ಖರ್ಚು ತೀರಾ ಕಡಿಮೆ, ಆದರೂ ಕೇಳದೆ ಹೋದರೆ ಎಷ್ಟೋ ಕಡೆ ಹಳೆಯದನ್ನೇ ಹಾಕಿ ಮುಚ್ಚುತ್ತಾರೆ. ಹಳೆಯ ಜನತಾದಂಥ ವಾಚುಗಳನ್ನು ನೀರಿನಿಂದ ದೂರವೇ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟಕ್ಕೆ ಹೋಗುವಾಗ ಅದು ಬೇಡ, ಅದಕ್ಕೆ ಬೇರೆ ವಾಚು ಇಟ್ಟುಕೊಳ್ಳಿ.

"ವಾಟರ್ ರೆಸಿಸ್ಟೆಂಟ್ 30 ಮೀಟರ್" ಅಂತ ಇದೆ. ಈಜಬಹುದಲ್ವಾ?

ಬೇಡ. ಆ 30 ಮೀಟರ್ ಅನ್ನೋದು ಪರೀಕ್ಷೆಯಲ್ಲಿ ಕೊಟ್ಟ ಒತ್ತಡದ ಲೆಕ್ಕ, ಅಷ್ಟು ಆಳಕ್ಕೆ ಇಳಿಯಬಹುದು ಅಂತಲ್ಲ. 30 ಅಂದರೆ ಕೈ ತೊಳೆಯುವಾಗ ಸಿಡಿದ ಹನಿ, ಸಣ್ಣ ಮಳೆ. ಈಜಬೇಕಾದರೆ 100 ಇರಲಿ. ಅದೂ ವಾಷರ್ ಚೆನ್ನಾಗಿದ್ದರೆ.

ಇನ್ನೊಂದು ವಿಷಯ, ಹಂಡೆಯ ಬಿಸಿನೀರಿನ ಸ್ನಾನಕ್ಕೆ ಯಾವ ವಾಚನ್ನೂ ಕಟ್ಟಿಕೊಂಡು ಹೋಗಬೇಡಿ. ಹಬೆ, ಸೋಪು, ಆಮೇಲೆ ಹೊರಗೆ ಬಂದಾಗ ತಣ್ಣನೆ ಗಾಳಿ, ಮೂರೂ ಸೇರಿ ವಾಷರನ್ನು ಬೇಗ ಹಾಳು ಮಾಡುತ್ತವೆ. ಕೀ ಹೊರಗೆ ಎಳೆದಿದ್ದರೆ 200 ಮೀಟರ್ ವಾಚಿಗೂ ನೀರು ನುಗ್ಗುತ್ತದೆ.

ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ.

ಮಲೆನಾಡಿನಲ್ಲಿ ಹಿಡಿಯದೆ ಇರುತ್ತಾ! ಮಳೆಗಾಲ ಪೂರ್ತಿ ಚರ್ಮದ ಬೆಲ್ಟು ಬಿಚ್ಚಿಟ್ಟು ನೈಲಾನ್, ರಬ್ಬರ್ ಅಥವಾ ಸ್ಟೀಲ್ ಚೈನ್ ಹಾಕಿ. ಬಿಚ್ಚಿದ ಬೆಲ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಜಾಗದಲ್ಲಿ ಒಂದು ದಿನ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಆ ಪೊಟ್ಟಣಗಳನ್ನು ಎಸೆಯಬೇಡಿ. ನುಸಿ ಗುಳಿಗೆ ಹಾಕಿದ ಬೀರುವಿನಲ್ಲಿ ಬೆಲ್ಟು ಇಟ್ಟರೆ ಆ ವಾಸನೆ ಹೋಗೋದೇ ಇಲ್ಲ.

ಹೊಸ ಬೆಲ್ಟು ತಗೊಳ್ಳುವಾಗ ಅಳತೆ ನೋಡಿ. ವಾಚಿನಲ್ಲಿ ಬೆಲ್ಟು ಸಿಕ್ಕಿಸುವ ಎರಡು ಕಿವಿಗಳ ನಡುವಿನ ಜಾಗವನ್ನು ಸ್ಕೇಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಗಂಡಸರ ಹಳೆಯ ಎಚ್‌ಎಂಟಿಗಳಲ್ಲಿ ಹೆಚ್ಚಿನವು 18. ಬೆಲ್ಟು ಬದಲಿಸುವಾಗ ಒಳಗಿನ ಸ್ಪ್ರಿಂಗ್ ಪಿನ್ನುಗಳನ್ನೂ ಹೊಸದು ಹಾಕಿ. ವಾಚು ಕಳೆದುಕೊಂಡವರಲ್ಲಿ ಎಷ್ಟೋ ಜನಕ್ಕೆ ಹಾಗಾದದ್ದು ಈ ಪಿನ್ನು ತುಕ್ಕು ಹಿಡಿದು ಮುರಿದದ್ದರಿಂದ.

ಗ್ಲಾಸಿನ ಮೇಲೆ ಗೀರು ಬಿದ್ದಿದೆ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೋಗುತ್ತಾ?

ಹಳೆಯ ಎಚ್‌ಎಂಟಿ, ಹಳೆಯ ವಿದೇಶಿ ವಾಚುಗಳದ್ದು ನಿಜವಾದ ಗಾಜಲ್ಲ, ಅಕ್ರಿಲಿಕ್. ಅದರ ಮೇಲಿನ ಸಣ್ಣ ಗೀರು ಹೋಗುತ್ತದೆ. ಜೆಲ್ ಅಲ್ಲದ ಬಿಳಿ ಪೇಸ್ಟು ಕಡಲೆಕಾಳಿನಷ್ಟು, ಮೆತ್ತನೆ ಹತ್ತಿ ಬಟ್ಟೆ, ಗುಂಡಗೆ ಉಜ್ಜುತ್ತಾ ಹೋಗಿ. ಕೇಸಿನ ಅಂಚಿಗೆ ಟೇಪು ಅಂಟಿಸಿ, ಇಲ್ಲದಿದ್ದರೆ ಗೋಲ್ಡ್ ಪ್ಲೇಟಿಂಗ್ ಹೋಗುತ್ತದೆ. ಕೀಯ ಹತ್ತಿರ ಪೇಸ್ಟು ಹೋಗದ ಹಾಗೆ ನೋಡಿಕೊಳ್ಳಿ. ಆಳದ ಗೀರಾದರೆ ಗ್ಲಾಸನ್ನೇ ಬದಲಿಸಿ, ಅದು ಅಗ್ಗದ ಕೆಲಸ. ಮಿನರಲ್ ಗಾಜು, ಸಫೈರ್ ಗಾಜಿಗೆ ಈ ಉಪಾಯ ನಡೆಯೋದಿಲ್ಲ.

ಆನ್‌ಲೈನಿನಲ್ಲಿ ಹಳೆಯ ಎಚ್‌ಎಂಟಿ ಹೊಸದರ ಹಾಗೆ ಹೊಳೆಯುತ್ತಿದೆ, ರೇಟೂ ಕಡಿಮೆ. ತಗೊಳ್ಳಲಾ?

ಇದರ ಬಗ್ಗೆ ನನಗೆ ಬೇಜಾರಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹಾಗೆ ಹೊಳೆಯುವ ವಾಚುಗಳಲ್ಲಿ ಹೆಚ್ಚಿನವು ಮೂರ್ನಾಲ್ಕು ವಾಚುಗಳ ಭಾಗ ಸೇರಿಸಿ ಮಾಡಿದವು. ಒಂದರ ಕೇಸು, ಇನ್ನೊಂದರ ಮಷೀನು, ಡಯಲು ಮಾತ್ರ ಈಚೆಗೆ ಯಾರೋ ಪ್ರಿಂಟ್ ಹಾಕಿದ್ದು. ಕಿತ್ತಳೆ, ಗಿಳಿ ಹಸಿರು, ಕಡು ಕೆಂಪು ಡಯಲಿನ "ಪೈಲಟ್" ಕಂಡರೆ ಅನುಮಾನ ಪಡಿ. ಮೂಲ ಪೈಲಟ್‌ನ ಅಂದ ಇರೋದೇ ಆ ಕಪ್ಪು ಡಯಲಿನಲ್ಲಿ.

ಫೋಟೋ ದೊಡ್ಡದು ಮಾಡಿ ಅಕ್ಷರ ನೋಡಿ. ಕಂಪನಿಯಲ್ಲಿ ಹಾಕಿದ ಅಕ್ಷರದ ಅಂಚು ತೆಳ್ಳಗೆ, ಚೂಪಾಗಿ ಇರುತ್ತದೆ. ಮತ್ತೆ ಪ್ರಿಂಟ್ ಮಾಡಿದ್ದರಲ್ಲಿ ಅಂಚು ದಪ್ಪ, ಶಾಯಿ ಹರಡಿದ ಹಾಗೆ, ನಿಮಿಷದ ಗೆರೆಗಳು ಸರಿಯಾಗಿ ಕೂತಿರೋದಿಲ್ಲ, ಕೆಲವೊಮ್ಮೆ ಡಯಲಿನ ಮೇಲೆ ಬರೆದಿರುವ ಪ್ಯಾರಾಶಾಕ್ (ಪೆಟ್ಟು ತಡೆಯುವ ಏರ್ಪಾಡಿನ ಹೆಸರು) ಅನ್ನೋದರ ಸ್ಪೆಲ್ಲಿಂಗೇ ತಪ್ಪಿರುತ್ತದೆ. ಕೇಸನ್ನು ಪಾಲಿಶ್ ಮಾಡಿ ಮಾಡಿ ಮೂಲೆಗಳೆಲ್ಲ ಸೋಪಿನ ಬಿಲ್ಲೆಯಂತೆ ಉರುಟಾಗಿದ್ದರೂ ಬೇಡ ಅನ್ನಿ. ಒಳಗಿನ ಮಷೀನಿನ ಫೋಟೋ ಕೇಳಿ. ಕೊಡೋದಿಲ್ಲ ಅಂದರೆ ವ್ಯಾಪಾರ ಅಲ್ಲಿಗೆ ಮುಗಿಯಿತು.

ಅದರ ಬದಲು ನೆಂಟರಿಷ್ಟರ ಮನೆಯಲ್ಲಿ ಕೇಳಿ. ಚಿಕ್ಕಪ್ಪನದೋ ಅಜ್ಜಿಯದೋ ಒಂದು ವಾಚು ಇರುತ್ತದೆ, ಡಯಲು ಹಳದಿಗೆ ತಿರುಗಿರಬಹುದು, ಅಲ್ಲಲ್ಲಿ ಚುಕ್ಕೆ ಇರಬಹುದು, ಆದರೆ ಅದು ಹುಟ್ಟಿದಾಗಿನಿಂದ ಅದೇ ವಾಚು. ಹಳೆಯ ಕಾಫಿ ತೋಟದ ಮನೆಗಳಲ್ಲಿ ಫೇವರ್ ಲ್ಯೂಬಾ, ವೆಸ್ಟ್ ಎಂಡ್, ರೋಮರ್, ಟಿಟೋನಿಯಂಥ ಸ್ವಿಸ್ ವಾಚು ಇದ್ದರೂ ಇರಬಹುದು. ಆ ಡಯಲನ್ನು ದಯವಿಟ್ಟು ಪೇಂಟ್ ಮಾಡಿಸಬೇಡಿ. ರಿಪೇರಿಗೆ ಕೊಡುವಾಗಲೇ "ಡಯಲು ಮುಟ್ಟಬೇಡಿ, ಮುಳ್ಳು ಬದಲಿಸಬೇಡಿ, ತೆಗೆದ ಹಳೆಯ ಭಾಗ ನನಗೆ ವಾಪಸ್ ಕೊಡಿ" ಅಂತ ಹೇಳಿ.

ಸರ್ವಿಸ್ ಅಂದರೆ ಏನು ಮಾಡುತ್ತಾರೆ? ಎಷ್ಟು ವರ್ಷಕ್ಕೊಮ್ಮೆ?

ದಿನಾ ಕಟ್ಟುವ ಕೀ ವಾಚಿಗೆ ನಾಲ್ಕೈದು ವರ್ಷಕ್ಕೊಮ್ಮೆ. ಸರಿಯಾದ ಸರ್ವಿಸ್ ಅಂದರೆ ಮಷೀನನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗ ತೊಳೆದು, ಒಣಗಿಸಿ, ಮತ್ತೆ ಜೋಡಿಸಿ, ಬೇಕಾದ ಕಡೆ ಮಾತ್ರ ಎಣ್ಣೆ ಕೊಡೋದು. ಮುಚ್ಚಳ ತೆಗೆದು ಒಂದು ಹನಿ ಎಣ್ಣೆ ಬಿಟ್ಟು ಕೊಡೋದು ಸರ್ವಿಸ್ ಅಲ್ಲ, ಹಳೆಯ ಕೊಳೆಗೆ ಹೊಸ ಎಣ್ಣೆ ಸೇರಿ ಇನ್ನಷ್ಟು ಕೆಡುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ ಬಿಡೋದಂತೂ ಬೇಡವೇ ಬೇಡ.

ಒಮ್ಮೆ ಕೂತು ನೋಡಿ. ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೂಜಿಯಂಥ ಕಡ್ಡಿಯ ತುದಿಯಲ್ಲಿ ಎಣ್ಣೆ ಅದ್ದಿ ಕಲ್ಲಿನ ಗುಳಿಗೆ ಮುಟ್ಟಿಸುತ್ತಾರೆ. ಆ ಹನಿ ಬರಿಗಣ್ಣಿಗೆ ಕಾಣೋದೇ ಇಲ್ಲ. ಕೊನೆಗೆ ಚಿಮುಟದಲ್ಲಿ ಬ್ಯಾಲೆನ್ಸ್ ಚಕ್ರ ಹಿಡಿದು ತರುತ್ತಾರೆ, ಅದು ಸ್ಪ್ರಿಂಗಿನಿಂದ ಜೋತಾಡುತ್ತಿರುತ್ತದೆ. ಜಾಗಕ್ಕೆ ಕೂರಿಸಿ, ಮೇಲಿನ ಪಟ್ಟಿ ಇಟ್ಟು, ಸ್ಕ್ರೂ ಇನ್ನೂ ಪೂರ್ತಿ ಬಿಗಿಯೋ ಮುಂಚೆಯೇ ಚಕ್ರ ತಾನಾಗಿ ಆಡೋಕೆ ಶುರುಮಾಡುತ್ತದೆ. ಎಷ್ಟು ಸಲ ನೋಡಿದರೂ ಅಲ್ಲಿಂದ ಏಳೋಕೆ ಮನಸ್ಸು ಬರೋದಿಲ್ಲ.

ಹಾಸನದಲ್ಲಿ ಮಾರುಕಟ್ಟೆ ಸುತ್ತಮುತ್ತ, ಚಿಕ್ಕಮಗಳೂರಿನ ಪೇಟೆ ಬೀದಿಗಳಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಹಿರಿಯ ರಿಪೇರಿಯವರನ್ನು ಹುಡುಕಿ. "ಅಣ್ಣಾ, ಪೂರ್ತಿ ಬಿಚ್ಚಿ ತೊಳೆದು ಕೊಡ್ತೀರಾ?" ಅಂತ ನೇರವಾಗಿ ಕೇಳಿ. ಬಿಚ್ಚುತ್ತೇನೆ ಅಂದವರಿಗೆ ಟೈಮು ಕೊಡಿ, ಸಂಜೆಯೇ ಬೇಕು ಅಂತ ಅವಸರ ಮಾಡಬೇಡಿ, ಕೇಳಿದಷ್ಟು ದುಡ್ಡನ್ನೂ ಕೊಡಿ. ಇಡೀ ದಿನ ಬಗ್ಗಿ ಕೂತು ಮಾಡುವ ಆ ಕೆಲಸಕ್ಕೆ ಜನ ಸೆಲ್ ಬದಲಿಸುವ ರೇಟು ಹೇಳಿ ಚೌಕಾಸಿ ಮಾಡುತ್ತಾರೆ, ಹೀಗಾದರೆ ಅವರ ಮಕ್ಕಳು ಈ ಕೆಲಸಕ್ಕೆ ಯಾಕೆ ಬರುತ್ತಾರೆ?

ಸೆಲ್ಲಿನ ವಾಚಿಗೆ ನೋಡಿಕೊಳ್ಳುವುದು ಏನೂ ಇಲ್ಲ ಅಲ್ವಾ?

ಇದೆ, ಸ್ವಲ್ಪ. ಸೆಲ್ ಸತ್ತ ವಾಚನ್ನು ಹಾಗೇ ಬಿಡಬೇಡಿ, ಸೆಲ್ ಸೋರಿ ಒಳಗಿನ ಸರ್ಕ್ಯೂಟನ್ನೇ ತಿಂದುಹಾಕುತ್ತದೆ. ಕಟ್ಟೋದಿಲ್ಲ ಅಂದರೆ ಸೆಲ್ ತೆಗೆಸಿ ಇಡಿ. ಹೊಸದು ಹಾಕಿಸುವಾಗ ಸಿಲ್ವರ್ ಆಕ್ಸೈಡ್ ಸೆಲ್ಲೇ ಹಾಕಿ ಅನ್ನಿ. ನಂಬರಿನ ಮುಂದೆ ಎಸ್‌ಆರ್ ಅಂತಿದ್ದರೆ ಅದು, ಎಲ್‌ಆರ್ ಅಂತಿದ್ದರೆ ಆಲ್ಕಲೈನ್. ಎಲ್‌ಆರ್ ಅಗ್ಗ, ಆದರೆ ಬೇಗ ಮುಗಿಯುತ್ತದೆ, ಸೋರುವುದೂ ಜಾಸ್ತಿ. ಸೆಕೆಂಡಿನ ಮುಳ್ಳು ಎರಡೆರಡು ಅಥವಾ ನಾಲ್ಕು ನಾಲ್ಕು ಸೆಕೆಂಡಿಗೆ ಹಾರೋಕೆ ಶುರುವಾದರೆ ಹಲವು ವಾಚುಗಳಲ್ಲಿ ಅದು ಸೆಲ್ ಮುಗಿಯುತ್ತಿದೆ ಅನ್ನುವ ಸೂಚನೆ.

ಸೆಲ್ ವಾಚನ್ನು ಕಡೆಗಣಿಸಬೇಡಿ. 1969ರ ಡಿಸೆಂಬರ್ 25ಕ್ಕೆ ಸೀಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ತಂದಾಗ ಇಡೀ ಸ್ವಿಟ್ಜರ್ಲೆಂಡ್ ಅಲ್ಲಾಡಿತು. ಇವತ್ತಿನ ಮಾಮೂಲಿ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ತಿಂಗಳಿಗೆ 15-20 ಸೆಕೆಂಡಿನಷ್ಟೇ ವ್ಯತ್ಯಾಸ. ಟೈಟಾನಿನ ಎಡ್ಜ್ 2002ರಲ್ಲಿ ಬಂದಾಗ ಪೂರ್ತಿ ವಾಚಿನ ದಪ್ಪ 3.5 ಮಿಲಿಮೀಟರ್. ನಮ್ಮ ಪಕ್ಕದ ಹೊಸೂರಿನವರು ಮಾಡಿದ್ದು ಅಂತ ನನಗೆ ಹೆಮ್ಮೆ.

ತಾರೀಖು ರಾತ್ರಿ ಬದಲಿಸಬಾರದು ಅಂತಾರೆ, ನಿಜಾನಾ?

ನಿಜ. ಹಳೆಯ ವಾಚುಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಆಗ ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ನಿಂತ ವಾಚಾದರೆ ಮೊದಲು ಮುಳ್ಳನ್ನು ಆರೂವರೆಗೆ ತಂದು, ಆಮೇಲೆ ತಾರೀಖು ಬದಲಿಸಿ.

ಟೈಮು ಯಾವುದನ್ನು ನೋಡಿ ಸರಿ ಮಾಡಿಕೊಳ್ಳಬೇಕು?

ಫೋನು ಸಾಕು. ಮೊದಲು ಆಕಾಶವಾಣಿಯ ಪಿಪ್ ಪಿಪ್ ಶಬ್ದಕ್ಕೆ ಕಾದು ಸರಿ ಮಾಡಿಕೊಳ್ಳುತ್ತಿದ್ದರು.

ಭಾರತದ ಟೈಮು 82.5 ಡಿಗ್ರಿ ರೇಖಾಂಶದ್ದು. ಹಾಸನ ಅದಕ್ಕಿಂತ ಆರು ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕಿದೆ, ಹಾಗಾಗಿ ನಮ್ಮ ಊರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರೋದು ಸರಾಸರಿ 12 ಗಂಟೆ 25 ನಿಮಿಷಕ್ಕೆ, ವರ್ಷದಲ್ಲಿ ಅದು ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ. ಇನ್ನೊಂದು ವಿಷಯ ನಮ್ಮೂರಿನವರೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಕೇಂದ್ರ 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ದಾರಿ ತೋರಿಸುವ ನಮ್ಮ ನಾವಿಕ್ ಉಪಗ್ರಹಗಳ ಹೊಟ್ಟೆಯಲ್ಲಿ ರುಬಿಡಿಯಂ ಪರಮಾಣು ಗಡಿಯಾರಗಳಿವೆ.

ವಾಚು ನೋಡಿ ದಿಕ್ಕು ಕಂಡುಹಿಡಿಯಬಹುದಂತೆ?

ಗಂಟೆ ಮುಳ್ಳನ್ನು ಸೂರ್ಯನ ಕಡೆ ಹಿಡಿದರೆ ಆ ಮುಳ್ಳು ಮತ್ತು 12ರ ನಡುವೆ ದಕ್ಷಿಣ ಅಂತ ಪುಸ್ತಕಗಳಲ್ಲಿ ಇರುತ್ತದೆ. ಯುರೋಪಿನ ಕಡೆ ಅದು ನಡೆಯುತ್ತದೆ, ನಮ್ಮಲ್ಲಿ ನಂಬಬೇಡಿ. ಹಾಸನ, ಚಿಕ್ಕಮಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಬಿಸಿಲೆ ಕಾಡಿಗೋ ಮುಳ್ಳಯ್ಯನಗಿರಿಗೋ ಹೋಗುವವರು ದಿಕ್ಸೂಚಿಯನ್ನೇ ತಗೊಂಡು ಹೋಗಿ.

ಕತ್ತಲಲ್ಲಿ ಹೊಳೆಯುವ ರೇಡಿಯಂ ಅಪಾಯನಾ?

ಈಗಿನ ವಾಚುಗಳಲ್ಲಿ ಇರೋದು ಬೆಳಕು ಹೀರಿ ಹೊಳೆಯುವ ಬಣ್ಣ, ಹೆಸರು ಮಾತ್ರ ರೇಡಿಯಂ ಅಂತ ಉಳಿದಿದೆ. ಅದರಿಂದ ಏನೂ ಇಲ್ಲ. 1960ರ ದಶಕಕ್ಕೆ ಹಿಂದಿನ ಕೆಲವು ವಿದೇಶಿ ವಾಚುಗಳಲ್ಲಿ ಮಾತ್ರ ನಿಜವಾದ ರೇಡಿಯಂ ಇತ್ತು. ಈಗ ಹೊಳೆಯದಿದ್ದರೂ ಅದರ ವಿಕಿರಣ ಹೋಗಿಲ್ಲ, ರೇಡಿಯಂ ಅರ್ಧ ಆಗೋಕೇ 1,600 ವರ್ಷ ಬೇಕು. ಅಂಥ ವಾಚನ್ನು ಮನೆಯಲ್ಲಿ ತೆರೆಯಬೇಡಿ, ಅಂಕಿಗಳ ಮೇಲಿನ ಪುಡಿ ಕೆರೆಯಬೇಡಿ.

ನಿಂತ ಗಡಿಯಾರ ಮನೆಯಲ್ಲಿ ಇರಬಾರದು ಅಂತಾರೆ. ಎಸೆದುಬಿಡಲಾ?

ಎಸೆಯಬೇಡಿ. ನಂಬಿಕೆ ಇದ್ದರೆ ಓಡಿಸಿ, ಅಷ್ಟೇ. ಮನೆಯ ಹಿರಿಯರು ಬೇಡ ಅಂದರೆ ಅವರ ಮಾತಿಗೆ ಅಡ್ಡ ಹೇಳದೆ ರಿಪೇರಿಗೆ ಕೊಟ್ಟು ಬನ್ನಿ. ಓಡುತ್ತಾ ವಾಪಸ್ ಬಂದ ವಾಚನ್ನು ಯಾವ ಅಜ್ಜಿಯೂ ಬೇಡ ಅಂದದ್ದು ನಾನು ನೋಡಿಲ್ಲ.

ಮೊದಲ ಸಲ ವಾಚು ತಗೊಳ್ಳುತ್ತಿದ್ದೇನೆ. ಯಾವುದು ತಗೊಳ್ಳಲಿ?

ಮನೆಯಲ್ಲಿ ಹಳೆಯದು ಇದ್ದರೆ ಮೊದಲು ಅದನ್ನು ಸರ್ವಿಸ್ ಮಾಡಿಸಿ. ಇಲ್ಲವಾದರೆ, ಕಡಿಮೆ ದುಡ್ಡಿಗೆ ಕ್ಯಾಸಿಯೋ ಎಫ್-91ಡಬ್ಲ್ಯೂ. 1989ರಿಂದ ಹಾಗೇ ಬರುತ್ತಿದೆ, ಒಂದು ಸೆಲ್ಲು ಏಳು ವರ್ಷ ಅಂತ ಕಂಪನಿಯೇ ಹೇಳುತ್ತದೆ. ತೋಟಕ್ಕೆ, ಹೊಲಕ್ಕೆ, ಬೈಕಿಗೆ ಇದು ಸಾಕು. ಸ್ವಲ್ಪ ಜಾಸ್ತಿ ಕೊಡುವುದಾದರೆ ಸೀಕೋ 5ರ ಆಟೋಮ್ಯಾಟಿಕ್, ಇಲ್ಲಾ ಬೆಳಕಿನಿಂದ ಚಾರ್ಜ್ ಆಗುವ ಸಿಟಿಜನ್ ಇಕೋ-ಡ್ರೈವ್. ಕೈ ಸಣ್ಣದಿದ್ದರೆ ದೊಡ್ಡ ಡಯಲಿನ ಮೋಹ ಬೇಡ, ಕಟ್ಟಿ ನೋಡಿಯೇ ತಗೊಳ್ಳಿ. ದೊಡ್ಡ ಬ್ರಾಂಡಿನ ನಕಲು ಯಾವತ್ತೂ ಬೇಡ.

ಸ್ಮಾರ್ಟ್ ವಾಚು ಇದ್ದರೆ ಇರಲಿ, ನಡಿಗೆ ಲೆಕ್ಕ, ಫೋನ್ ಕಾಲು ಅದಕ್ಕೆ ಸರಿ. ಆದರೆ ಅದರ ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತದೆ, ಆಮೇಲೆ ರಿಪೇರಿ ಕಷ್ಟ. ಮಕ್ಕಳಿಗೆ ದಾಟಿಸಬೇಕು ಅನ್ನುವ ಆಸೆ ಇದ್ದರೆ ಬಿಚ್ಚಿ ಜೋಡಿಸಬಹುದಾದ ವಾಚನ್ನೇ ತಗೊಳ್ಳಿ.

ರಿಪೇರಿ ನಾನೇ ಕಲಿಯಬಹುದಾ?

ಖಂಡಿತ. ಆದರೆ ತಾತನ ವಾಚಿನ ಮೇಲೆ ಕಲಿಯಬೇಡಿ. ಕೆಟ್ಟ ಅಲಾರಂ ಟೈಮ್‌ಪೀಸ್ ಒಂದು ಗುಜರಿಯಲ್ಲಿ ಹುಡುಕಿ, ಭಾಗಗಳು ದೊಡ್ಡವು, ಕೆಲಸ ಅದೇ. ಅದು ಕೈಗೆ ಬಂದ ಮೇಲೆ ಎಲ್ಲೋ ಬಿದ್ದಿರುವ ಬರೀ ಎಚ್‌ಎಂಟಿ ಮಷೀನು. ಒಳ್ಳೆಯ ಸ್ಕ್ರೂ ಡ್ರೈವರ್ ಎರಡು, ಚಿಮುಟ ಒಂದು, ಭೂತಗನ್ನಡಿ, ಗಾಳಿ ಊದುವ ರಬ್ಬರ್ ಬುರುಡೆ, ಬಿಳಿ ಬಟ್ಟೆ ಹಾಸಿದ ಮೇಜು ಇದ್ದರೆ ಶುರುಮಾಡಬಹುದು. ಫ್ಯಾನ್ ಆಫ್ ಮಾಡಿ. ಒಂದೊಂದು ಭಾಗ ತೆಗೆಯುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದು, ಸ್ಕ್ರೂಗಳನ್ನು ಅದೇ ಕ್ರಮದಲ್ಲಿ ಸಾಲಾಗಿ ಇಡಿ. ಎಲ್ಲಕ್ಕಿಂತ ಮೊದಲು ಮೇನ್ ಸ್ಪ್ರಿಂಗಿನ ಬಿಗಿ ಇಳಿಸಬೇಕು. ಕೀಯನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಹಲ್ಲಿಗೆ ತಡೆಯಾಗಿರುವ ಸಣ್ಣ ಕೊಂಡಿಯನ್ನು ಚಿಮುಟದ ತುದಿಯಲ್ಲಿ ಸರಿಸಿ, ಕೀ ಬೆರಳ ನಡುವೆ ನಿಧಾನವಾಗಿ ಹಿಂದಕ್ಕೆ ತಿರುಗೋಕೆ ಬಿಡಿ. ಇದನ್ನು ಮಾಡದೆ ಚಕ್ರಗಳ ಮೇಲಿನ ಲೋಹದ ಪಟ್ಟಿ ಬಿಚ್ಚಿದರೆ ಚಕ್ರಗಳು ಒಮ್ಮೆಲೇ ಬಿರ್ರನೆ ತಿರುಗಿ ಹಲ್ಲು, ಅಚ್ಚು ಎರಡೂ ಮುರಿಯುತ್ತವೆ.